ಪಳಗಿದ ಕಾವಲಿ

ಶ್ರೀನಾಥ್ ನಮ್ಮ ಹೋಟೆಲಿಗೆ ಬರುವುದನ್ನು ನಿಲ್ಲಿಸಿದ್ದು ಒಂದು ದೋಸೆ ಕಾವಲಿಯ ದೆಸೆಯಿಂದ. ಆ ಕಾವಲಿ ನಮ್ಮ ಅಡುಗೆಮನೆಯದ್ದಲ್ಲ. ನನ್ನ ಮಗಳು ಮಾಡಿದ ಗೇಮಿನೊಳಗೆ ಇರುವಂಥದ್ದು. ಅದರ ಮೇಲೆ ಎರೆದ ದೋಸೆಯನ್ನು ಯಾರೂ ತಿನ್ನಲಾರರು. ಹಾಗಿದ್ದರೂ ಅದರಿಂದ ಒಬ್ಬ ಮನುಷ್ಯನಿಗೆ ಆಗುವ ಬೇಸರ ನಿಜವಾದದ್ದೇ ಎಂದು ನನಗೆ ಗೊತ್ತಾದದ್ದು ಆಗ.

ನಮ್ಮ ಹೋಟೆಲು ತಮಿಳು ಸೀಮೆಯಲ್ಲಿ, ಮಾಧವರಂ ಬಸ್ ನಿಲ್ದಾಣದ ಎದುರು ಸಾಲಿನಲ್ಲಿದೆ. ಹಾಲಿನ ಡೈರಿಯಲ್ಲಿ ಪಾಳಿ ಮುಗಿಸಿ ಬರುವವರು, ಆಂಧ್ರದ ಬಸ್ಸಿಗೆ ಕಾಯುವವರು, ಮಣಲಿಯ ಕಾರ್ಖಾನೆಗಳಿಗೆ ಹೋಗುವವರು, ಇವರೇ ನಮ್ಮ ಗಿರಾಕಿಗಳು. ಗಲ್ಲಾದಲ್ಲಿ ನಾನು ಕೂರುತ್ತೇನೆ. ಹಿಟ್ಟು, ಚಟ್ನಿ, ಸಾಂಬಾರಿನ ಉಸ್ತುವಾರಿ ನನ್ನ ಹೆಂಡತಿ ವಿಮಲಾಳದ್ದು. ಕಾವಲಿಯ ಮುಂದೆ ನಿಲ್ಲುವವನು ಉಪೇಂದ್ರ, ನಮ್ಮ ಕುಂದಾಪುರದ ಕಡೆಯವನೇ. ಮನೆ ಹೋಟೆಲಿನ ಮೇಲೆಯೇ ಇದೆ. ಅಲ್ಲಿನ ಒಂದು ಕೋಣೆಯಲ್ಲಿ ನಮ್ಮ ಮಗಳು ವೀಕ್ಷಾ ಕಂಪ್ಯೂಟರ್ ಇಟ್ಟುಕೊಂಡು ಕೆಲಸ ಮಾಡುತ್ತಾಳೆ.

ಅವಳು ಮೊದಲು ಒಂದು ದೊಡ್ಡ ಗೇಮ್ ಕಂಪನಿಯಲ್ಲಿದ್ದಳು. ಬೇರೆಯವರ ಗೇಮಿಗೆ ಗೋಡೆ, ಮರ, ಕಲ್ಲುಗಳ ಚಿತ್ರ ಬರೆದು ಬರೆದು ಬೇಸತ್ತು ಕೆಲಸ ಬಿಟ್ಟು, ಇಬ್ಬರು ಗೆಳತಿಯರ ಜೊತೆ ಸೇರಿ ತಮ್ಮದೇ ಒಂದು ಗೇಮ್ ಮಾಡಿದಳು. ಹೆಸರು ‘ಬೆಳಗಿನ ಹೋಟೆಲು’. ಆಡುವವರು ಒಂದು ಸಣ್ಣ ಹೋಟೆಲಿನ ಯಜಮಾನರು. ಗಿರಾಕಿಗಳು ಬರುತ್ತಾರೆ, ಇಡ್ಲಿ, ದೋಸೆ, ಕಾಫಿ ಕೇಳುತ್ತಾರೆ. ಅವರು ಸಿಡುಕಿ ಎದ್ದು ಹೋಗುವ ಮೊದಲು ಮಾಡಿ ಕೊಡಬೇಕು. ಮಾತೆಲ್ಲ ಕನ್ನಡ, ಬೇಕಾದವರಿಗೆ ತಮಿಳು. ವಾರವಿಡೀ ಆಡಿ ಯಾರು ಹೆಚ್ಚು ಗಿರಾಕಿಗಳನ್ನು ಖುಷಿಪಡಿಸಿದರೋ ಅವರ ಹೆಸರು ಪಟ್ಟಿಯಲ್ಲಿ ಮೊದಲು ಬರುತ್ತದೆ. ಆ ಹೆಸರನ್ನು ನಾನು ಶನಿವಾರ ನಮ್ಮ ಹೋಟೆಲಿನ ಕಪ್ಪು ಹಲಗೆಯ ಮೇಲೆ, ಆ ದಿನದ ತಿಂಡಿಗಳ ಕೆಳಗೆ ಬರೆಯುತ್ತೇನೆ. ಗೆದ್ದವರು ಈ ಊರಿನವರಾದರೆ ಬಾಳೆಎಲೆ ಊಟ ನಮ್ಮದು.

ಗೇಮ್ ಇನ್ನೂ ಅರ್ಧದಲ್ಲಿದ್ದಾಗ ದುಡ್ಡಿಲ್ಲದೆ ಅವಳಿಗೆ ಕೈ ಕಟ್ಟಿಹೋಗಿತ್ತು. ಸಂಗೀತ ಮಾಡುವವರಿಗೆ ಕೊಡಬೇಕು, ಪರೀಕ್ಷೆ ಮಾಡುವವರಿಗೆ ಕೊಡಬೇಕು. ಗೇಮ್ ಬರುವ ಮೊದಲೇ ಜನರಿಂದ ಬುಕಿಂಗ್ ದುಡ್ಡು ತೆಗೆದುಕೊಳ್ಳುವ ಕ್ರಮ ಗೇಮ್ ಮಾಡುವವರಲ್ಲಿ ಉಂಟಂತೆ. ಹಾಗೆ ಮುಂಚೆ ಬರುವವರಿಗೆ ಏನಾದರೂ ವಿಶೇಷ ಕೊಡಬೇಕು, ಏನು ಕೊಡಲಿ ಎಂದು ಅವಳು ನನ್ನನ್ನು ಕೇಳಿದಳು.

ನನಗೆ ಗೊತ್ತಿದ್ದದ್ದು ನಾನು ಹೇಳಿದೆ. ನಾವು ಈ ಹೋಟೆಲು ತೆರೆದ ದಿನ ಬಂದು ಕಾಫಿ ಕುಡಿದವರಿಗೆಲ್ಲ ಅವರವರ ಹೆಸರು ಕೊರೆಸಿದ ಸ್ಟೀಲ್ ಲೋಟ ಮಾಡಿಸಿದ್ದೆವು. ಲೋಟಗಳು ಕಾಫಿ ಕೌಂಟರಿನ ಮೇಲಿನ ಕೊಕ್ಕೆಗಳಲ್ಲಿ ತೂಗುತ್ತವೆ. ಅವರು ಯಾವತ್ತು ಬಂದರೂ ಅವರ ಕಾಫಿ ಅವರ ಲೋಟದಲ್ಲಿ. ಎಷ್ಟೋ ಜನ ಮನೆ ಬದಲಿಸಿ ದೂರ ಹೋದ ಮೇಲೂ ಆ ಲೋಟಕ್ಕೋಸ್ಕರ ಬರುತ್ತಾರೆ. ಮೊದಲು ಬಂದವರಿಗೆ ಮಾತ್ರ ಅಂತ ಒಂದು ಕೊಡು, ಆಮೇಲೆ ಬಂದವರಿಗೆ ಕೊಡಬೇಡ, ಅದರ ಬೆಲೆ ಅಲ್ಲಿ ಇರುವುದು ಎಂದೆ.

ಅವಳು ಆರಿಸಿಕೊಂಡದ್ದು ಲೋಟವನ್ನಲ್ಲ, ನಮ್ಮ ಹಳೆಯ ಕಾವಲಿಯನ್ನು. ಅಡುಗೆಮನೆಗೆ ಬಂದು ಅದರ ಫೋಟೋ ತೆಗೆದು, ಮೇಲಿನ ಗೀರುಗಳ ಸಮೇತ ಗೇಮಿನಲ್ಲಿ ಬರೆದಳು. ಗೇಮಿನಲ್ಲಿ ಎಲ್ಲರಿಗೂ ಸಿಗುವುದು ಹೊಸ ಕಾವಲಿ. ಅದರಲ್ಲಿ ದೋಸೆ ಆಗಾಗ ಹಿಡಿದು ಹರಿಯುತ್ತದೆ, ಗಿರಾಕಿ ಎದ್ದು ಹೋಗುತ್ತಾನೆ. ಮುಂಚೆ ಬುಕ್ ಮಾಡಿದವರಿಗೆ ಸಿಗುವುದು ಪಳಗಿದ ಕಾವಲಿ. ಅದರಲ್ಲಿ ದೋಸೆ ಹರಿಯುವುದೇ ಇಲ್ಲ. ಜೊತೆಗೆ ಅವಳು ಒಂದು ಸಾಲು ಬರೆದಳು: ‘ಈ ಕಾವಲಿ ಮುಂಚಿತವಾಗಿ ಬುಕ್ ಮಾಡಿದವರಿಗೆ ಮಾತ್ರ. ಮುಂದೆ ಯಾರಿಗೂ, ಯಾವ ಬೆಲೆಗೂ ಸಿಗುವುದಿಲ್ಲ.’ ನಾನು ಓದಿ, ಚೆನ್ನಾಗಿದೆ ಎಂದು ತಲೆಯಾಡಿಸಿದೆ.

ಮೊದಲ ದಿನವೇ ಬುಕ್ ಮಾಡಿದವರಲ್ಲಿ ಶ್ರೀನಾಥ್ ಒಬ್ಬ. ಹುಣಸೂರಿನ ಕಡೆಯವನು, ಮಣಲಿಯ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ದಿನಾ ಬೆಳಿಗ್ಗೆ ಕಂಪನಿ ಬಸ್ಸು ಹತ್ತುವ ಮೊದಲು ನಮ್ಮಲ್ಲಿ ಎರಡು ಇಡ್ಲಿ, ಒಂದು ಸೆಟ್ ದೋಸೆ, ಸಕ್ಕರೆ ಕಡಿಮೆ ಕಾಫಿ. ಊರಿಂದ ಬಂದು ಮೂರು ವರ್ಷವಾದರೂ ಇನ್ನೂ ಮದುವೆಯಾಗದ, ಮಾತು ಕಡಿಮೆಯ ಮನುಷ್ಯ. ಗೇಮ್ ಬಂದಾಗ ಅದರಲ್ಲಿ ಉಪೇಂದ್ರನ ಮೀಸೆಯಂಥದೇ ಮೀಸೆಯ ದೋಸೆ ಭಟ್ಟನನ್ನು ನೋಡಿ ಅವನು ನಕ್ಕದ್ದನ್ನು ನಾನು ಮೊದಲ ಸಲ ಕಂಡೆ. ಒಂದೆರಡು ವಾರ ಅವನ ಹೆಸರು ನಮ್ಮ ಹಲಗೆಯ ಮೇಲೂ ಬಂತು.

ಆಮೇಲೆ ಅವನ ತಾಯಿ ಲೀಲಮ್ಮ ಮಗನ ಜೊತೆ ಇರಲು ಬಂದರು. ಹುಣಸೂರಿನಲ್ಲಿ ದೊಡ್ಡ ಕೂಡುಕುಟುಂಬದ ಅಡುಗೆ ಮಾಡಿದ ಕೈ. ಇಲ್ಲಿ ಇಬ್ಬರಿಗೆ ಅಡುಗೆ, ಅದು ಬೆಳಿಗ್ಗೆಯೇ ಮುಗಿಯುತ್ತದೆ. ತಮಿಳು ಬರುವುದಿಲ್ಲ, ಪಕ್ಕದ ಮನೆಯವರ ಜೊತೆ ಕೈಸನ್ನೆ. ಕನ್ನಡ ಮಾತಾಡುವ ಗೇಮ್ ಅಂತ ಮಗ ಅವರ ಟ್ಯಾಬಿನಲ್ಲಿ ಹಾಕಿಕೊಟ್ಟ. ವಾರ ಕಳೆಯುವುದರೊಳಗೆ ಅವರು ಪಟ್ಟಿಯಲ್ಲಿ ಮೇಲೆ ಬಂದರು. ಆದರೆ ಒಂದು ಮಟ್ಟಕ್ಕೆ ಬಂದು ಅಲ್ಲಿಯೇ ನಿಂತರು. ಎಷ್ಟು ಚುರುಕಾಗಿ ಆಡಿದರೂ ಹೊಸ ಕಾವಲಿಯಲ್ಲಿ ದೋಸೆ ಹರಿಯುತ್ತದೆ. ಅದೇ ಸೋಫಾದ ಇನ್ನೊಂದು ತುದಿಯಲ್ಲಿ ಕೂತ ಮಗನ ದೋಸೆ ಹರಿಯುವುದಿಲ್ಲ.

ಒಂದು ಭಾನುವಾರ ತಾಯಿ ಮಗ ಇಬ್ಬರೂ ತಿಂಡಿಗೆ ಬಂದರು. ತಿಂದು ಕೈ ತೊಳೆದ ಮೇಲೆ ಲೀಲಮ್ಮ ನೇರ ಗಲ್ಲಾಕ್ಕೆ ಬಂದು ನಿಂತರು.

“ರಾಯರೇ, ಒಂದು ಮಾತು ಕೇಳ್ತೀನಿ. ಒಂದೇ ಪಂಕ್ತೀಲಿ ಕೂರ್ಸಿ ಇವ್ನ ಎಲೆಗೆ ತುಪ್ಪ ಬಡ್ಸಿ, ನನ್ನ ಎಲೆಗೆ ಬರೀ ಅನ್ನ ಹಾಕ್ತೀರಾ?”

“ನಮ್ಮಲ್ಲಿ ಹಾಗೆ ಮಾಡುದಿಲ್ಲಮ್ಮ,” ಎಂದೆ.

“ನಿಮ್ ಮಗಳು ಮಾಡವ್ಳಲ್ಲ.”

ವಿಷಯ ಯಾವುದೆಂದು ನನಗೆ ಆಗ ತಿಳಿಯಿತು. ಶ್ರೀನಾಥ್ ನಾಚಿಕೆಯಿಂದ ತಾಯಿಯ ತೋಳು ಹಿಡಿದ. ಆದರೆ ಅವನಿಗೂ ಹೇಳುವುದಿತ್ತು.

“ಅಮ್ಮ, ನಾನು ಎಲೆ ಹಾಕಿದ್ಮೇಲೆ ಬಂದು ಕೂತೋನಲ್ಲ. ಒಲೆ ಹಚ್ಚೋಕೆ ಮುಂಚೆ ಕೂತೋನು. ಅಡುಗೆ ಆಗುತ್ತೋ ಇಲ್ವೋ ಅಂತ್ಲೂ ಗೊತ್ತಿರ್ಲಿಲ್ಲ.”

“ಮೊದ್ಲು ಬಂದೋನ್ಗೆ ಮೊದ್ಲು ಬಡಿಸ್ಲಿ, ಬೇಡ ಅಂದೋರ್ಯಾರು? ಆಮೇಲ್ ಬಂದೋರ್ಗೆ ತುಪ್ಪದ ಗಿಂಡಿನೇ ಎತ್ತಿಡೋದಾ? ನೀನು ಬುಕ್ ಮಾಡ್ದಾಗ ನಾನು ಹುಣಸೂರಲ್ಲಿದ್ದೆ ಕಣಪ್ಪ. ಇಂಥದ್ದೊಂದು ಐತೆ ಅಂತ ನಂಗ್ಯಾರು ಹೇಳಿದ್ರು?”

ನನಗೆ ಇಬ್ಬರ ಮಾತೂ ಸರಿ ಎನಿಸಿತು. ಗಲ್ಲಾದಲ್ಲಿ ಕೂತವನಿಗೆ ಇಂಥ ಹೊತ್ತಿನಲ್ಲಿ ನಗುವುದು ಅಭ್ಯಾಸ. ನಕ್ಕು, ಮಗಳಿಗೆ ಹೇಳುತ್ತೇನೆ ಎಂದೆ.

ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು ನಮಗೆ ಸ್ವಲ್ಪ ಬಿಡುವು. ಆಗ ವೀಕ್ಷಾ ಕೆಳಗೆ ಬಂದು ಊಟ ಮಾಡುತ್ತಾಳೆ. ನಾನು ಹೇಳಿದ್ದಕ್ಕೆ ಅವಳಿಗೆ ಆಶ್ಚರ್ಯವಾಗಲಿಲ್ಲ. ಅದೇ ತಲೆನೋವು ಅವಳಿಗೂ ಇತ್ತು. ಹಲಗೆಯ ಮೇಲೆ ಈವರೆಗೆ ಬಂದ ಹೆಸರೆಲ್ಲ ಪಳಗಿದ ಕಾವಲಿ ಇದ್ದವರದ್ದೇ. ಹೊಸಬರು ಬರುತ್ತಾರೆ, ಎರಡು ವಾರ ಆಡುತ್ತಾರೆ, ಎಷ್ಟು ಆಡಿದರೂ ಮೇಲೇರುವುದಿಲ್ಲ ಎಂದು ಗೊತ್ತಾದ ಕೂಡಲೇ ಬಿಟ್ಟು ಹೋಗುತ್ತಾರೆ. ಹೀಗೆಯೇ ಹೋದರೆ ಯುಗಾದಿಯ ಹೊತ್ತಿಗೆ ಗೇಮ್ ಮುಚ್ಚಬೇಕು, ಅವಳು ಮತ್ತೆ ಹಳೆಯ ಕಂಪನಿಗೆ ಹೋಗಿ ಗೋಡೆ ಬರೆಯಬೇಕು. ಗೆಳತಿಯರಲ್ಲಿ ಒಬ್ಬಳು ಆಗಲೇ ಬೇರೆ ಕಡೆ ಕೆಲಸ ಕೇಳಿದ್ದಳು.

ಅದಕ್ಕೆ ನಾನು, ಹಾಗಾದರೆ ಆ ಕಾವಲಿಯನ್ನು ಎಲ್ಲರಿಗೂ ಮಾರು, ಬೇಕಾದವರು ತೆಗೆದುಕೊಳ್ಳಲಿ ಎಂದೆ.

“ಸೊಲ್ಲಿಯಾಚ್ಚು ಪಾ,” ಎಂದಳು. ಹೇಳಿ ಆಗಿದೆಯಪ್ಪ ಎಂದು. ಅವಳು ಓದಿದ್ದೆಲ್ಲ ಇಲ್ಲಿಯ ಶಾಲೆಯಲ್ಲಿ, ಬೇಸರವಾದಾಗ ಅವಳ ಬಾಯಲ್ಲಿ ತಮಿಳೇ ಬರುವುದು. “ಯಾರಿಗೂ ಕೊಡುವುದಿಲ್ಲ ಅಂತ ಹೇಳಿ ತಗೊಂಡಿದ್ದೇನೆ. ನೀವು ಹೆಸರಿನ ಲೋಟ ಬೇರೆಯವರಿಗೆ ಕೊಡ್ತೀರಾ?”

ಕೊಟ್ಟರೆ ಏನಾಗುತ್ತದೆ ಎಂದು ನನಗೆ ಗೊತ್ತು. ಹಿಂದೆ ಒಬ್ಬ ಹೊಸ ಸಪ್ಲಾಯರ್ ಗಡಿಬಿಡಿಯಲ್ಲಿ ಒಬ್ಬ ಮೇಷ್ಟ್ರ ಹೆಸರಿದ್ದ ಲೋಟದಲ್ಲಿ ಯಾರೋ ದಾರಿಹೋಕರಿಗೆ ಕಾಫಿ ಕೊಟ್ಟಿದ್ದ. ಮೇಷ್ಟ್ರು ಜಗಳ ಮಾಡಲಿಲ್ಲ. ಆ ಮನುಷ್ಯ ಕುಡಿದು ಮುಗಿಸುವವರೆಗೆ ಕಾದು, ಲೋಟ ತೊಳೆಸಿಕೊಂಡು ಚೀಲದಲ್ಲಿ ಹಾಕಿಕೊಂಡು ಹೋದರು. ಮತ್ತೆ ಬರಲಿಲ್ಲ.

ಅದನ್ನು ನೆನೆದಾಗ ನನಗೆ ಒಂದು ವ್ಯತ್ಯಾಸ ಹೊಳೆಯಿತು. “ಲೋಟ ಅವರದ್ದು ಸರಿ. ಆದ್ರೆ ಕಾಫಿ ಎಲ್ಲರಿಗೂ ಒಂದೇ ಅಲ್ವಾ ಮಗಾ? ಹೆಸರಿನ ಲೋಟದವರಿಗೆ ಗಟ್ಟಿ ಡಿಕಾಕ್ಷನ್, ಉಳಿದವರಿಗೆ ನೀರು ಅಂತ ನಾನು ಮಾಡಿದ್ದಿಲ್ಲ. ನಾನು ಲೋಟ ಕೊಡು ಅಂದದ್ದು. ನೀನು ಕಾವಲಿ ಕೊಟ್ಟಿ.”

ಅವಳು ಅನ್ನ ಕಲಸುವುದನ್ನು ನಿಲ್ಲಿಸಿದಳು. ಮತ್ತೆ, ಅದನ್ನು ಆವತ್ತೇ ಹೇಳಬೇಕಿತ್ತು ಎಂದಳು. ಆವತ್ತು ನನಗೂ ಹೊಳೆದಿರಲಿಲ್ಲ.

ಇನ್ನೊಂದು ದಾರಿ ಇತ್ತು. ಅದನ್ನು ಅವಳ ಗೆಳತಿ ಸೂಚಿಸಿದ್ದಳು. ಪಳಗಿದ ಕಾವಲಿಯ ಶಕ್ತಿಯನ್ನು ಯಾರಿಗೂ ಹೇಳದೆ ಸ್ವಲ್ಪ ಸ್ವಲ್ಪ ಇಳಿಸುವುದು. ಅದರಲ್ಲೂ ಅಪರೂಪಕ್ಕೆ ದೋಸೆ ಹರಿಯಲಿ. ಆಡುವವರು ತಮ್ಮ ಕೈಯೇ ತಪ್ಪಿತು ಎಂದುಕೊಳ್ಳುತ್ತಾರೆ. ಒಂದು ಅಂಕಿ ಬದಲಿಸಿದರೆ ಆಯಿತು. ಹೇಳುವಾಗ ವೀಕ್ಷಾ ನಮ್ಮ ಮುಖ ನೋಡಲಿಲ್ಲ. ಮಾಡಬೇಕೆಂಬ ಮನಸ್ಸು ಅವಳಿಗೆ ಅರ್ಧ ಇತ್ತು ಎಂದು ಕಾಣುತ್ತದೆ. ಮಜ್ಜಿಗೆ ಬಡಿಸುತ್ತಿದ್ದ ವಿಮಲಾ, “ಬಡಿಸಿದ ಎಲೆಯಿಂದ ತೆಗೆಯುದಾ? ಅದೂ ಉಣ್ಣುವವರು ಆಚೆ ತಿರುಗಿದಾಗ?” ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಅದೇ ಸುಮಾರಿಗೆ ನಮ್ಮ ನಿಜವಾದ ಕಾವಲಿ ಕೈಕೊಟ್ಟಿತು. ಒಂದು ಮೂಲೆಯಲ್ಲಿ ಬಿರುಕು ಬಿಟ್ಟು ಎಣ್ಣೆ ಒಲೆಗೆ ಇಳಿಯತೊಡಗಿತು. ಇಲ್ಲಿಯ ಪ್ಯಾರಿಸ್ ಪೇಟೆ ಕಡೆಯ ಕಬ್ಬಿಣದಂಗಡಿಯಿಂದ ಹೊಸದು ತರಿಸಿದೆವು. ಹೊಸ ಕಾವಲಿ ಬಂತೆಂದರೆ ಯಾವ ಹೋಟೆಲಿನಲ್ಲೂ ಕೆಲವು ವಾರ ಕಷ್ಟಕಾಲ. ಉಜ್ಜಿ ತೊಳೆದು, ಕಾಯಿಸಿ, ಎಣ್ಣೆ ಸವರಿ, ಈರುಳ್ಳಿಯ ಹೋಳಿನಲ್ಲಿ ತಿಕ್ಕಿ, ಮತ್ತೆ ಕಾಯಿಸಿದರೂ ಮೊದಲ ದೋಸೆಗಳೆಲ್ಲ ಹರಿದು ಚೂರಾದವು. ಹಲಗೆಯ ಮೇಲೆ ಮಸಾಲೆದೋಸೆ ಇಲ್ಲವೆಂದು ಬರೆದೆ. ಹರಿದ ದೋಸೆಗಳನ್ನು ನಾವೇ ಕೆಲಸದವರೆಲ್ಲ ಚಟ್ನಿ ಹಾಕಿಕೊಂಡು ತಿಂದೆವು. ಉಪೇಂದ್ರನ ಮುಖ ನೋಡುವಂತಿರಲಿಲ್ಲ. ಡೈರಿಯ ಒಬ್ಬ ಗಿರಾಕಿ, ಮೀಸೆಗೆ ವಯಸ್ಸಾಯ್ತಾ ಎಂದು ತಮಾಷೆ ಮಾಡಿ ಬೈಸಿಕೊಂಡ.

ವೀಕ್ಷಾ ಊಟಕ್ಕೆ ಬಂದವಳು ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತು ನೋಡಿದಳು. ಮರುದಿನವೂ ನೋಡಿದಳು. ಆಮೇಲೆ ಸ್ಟೂಲು ಹಾಕಿಕೊಂಡು ಕೂತಳು. ಇದು ಯಾವಾಗ ಸರಿಯಾಗುತ್ತದೆ ಎಂದು ಉಪೇಂದ್ರನನ್ನು ಕೇಳಿದಳು.

“ಅವಸ್ರ ಮಾಡ್ರೆ ಆತಿಲ್ಲೆ ಮಗಾ. ದಿನಾ ಎರಿತಾ ಇರ್ಕ್,” ಎಂದ ಅವನು. ದಿನವೂ ಎರೆಯುತ್ತಿರಬೇಕು. ಬೆಂಕಿ ಜಾಸ್ತಿಯಾದರೆ ಮತ್ತೆ ಹಾಳು, ಸೋಪು ಹಾಕಿ ತಿಕ್ಕಿದರೂ ಹಾಳು.

ಅವಳು ಆ ಬಿರುಕು ಬಿಟ್ಟ ಹಳೆಯ ಕಾವಲಿಯನ್ನು ತೋರಿಸಿ, ಇದೂ ಮೊದಲು ಹೀಗೆಯೇ ಇತ್ತಾ ಎಂದು ನನ್ನನ್ನು ಕೇಳಿದಳು. ಹೌದು, ನಾವು ಹೋಟೆಲು ತೆರೆದ ಕಾಲದಲ್ಲಿ ಇದರ ಮೇಲೂ ಇಷ್ಟೇ ದೋಸೆ ಹರಿದಿದ್ದವು, ನಿನ್ನ ಅಮ್ಮನಿಗೆ ಕೇಳು ಎಂದೆ. ಅವಳು ತಟ್ಟೆಯನ್ನು ಅಲ್ಲೇ ಇಟ್ಟು ಮೇಲೆ ಹೋದಳು.

ಅವಳು ಮಾಡಿದ ಏರ್ಪಾಡು ಕೇಳಿದರೆ ಸುಲಭ. ಗೇಮಿನಲ್ಲಿ ಹೊಸ ಕಾವಲಿ ಇನ್ನು ಮುಂದೆ ಹೊಸದಾಗಿಯೇ ಉಳಿಯುವುದಿಲ್ಲ. ಆಡುವವರು ದಿನಾ ದೋಸೆ ಎರೆಯುತ್ತ ಹೋದಂತೆ, ಬೆಂಕಿ ಹದದಲ್ಲಿ ಇಟ್ಟಂತೆ ಅದು ನಿಧಾನಕ್ಕೆ ಪಳಗುತ್ತದೆ. ಅವಸರ ಮಾಡಿದರೆ ಹಿಂದೆ ಹೋಗುತ್ತದೆ. ತಿಂಗಳೊಂದು ತಾಳ್ಮೆಯಿಂದ ಆಡಿದವರ ಕಾವಲಿ, ಮುಂಚೆ ಬುಕ್ ಮಾಡಿದವರ ಕಾವಲಿಯಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಹೋಟೆಲಿನಲ್ಲಿ ಹುಟ್ಟಿ ಬೆಳೆದ ಅವಳಿಗೆ ಇದು ಮೊದಲೇ ಹೊಳೆಯದಿದ್ದುದಕ್ಕೆ ಕಾರಣವೂ ಹೋಟೆಲೇ. ಅವಳು ಕಣ್ಣು ಬಿಟ್ಟಾಗಿನಿಂದ ನಮ್ಮ ಕಾವಲಿ ಪಳಗಿಯೇ ಇತ್ತು. ಅದು ಹಾಗೆಯೇ ಬಂದದ್ದು ಎಂದು ಅವಳು ತಿಳಿದಿದ್ದಳು.

ಆದರೆ ಕೊಟ್ಟ ಮಾತಿನ ಪ್ರಶ್ನೆ ಹಾಗೆಯೇ ಉಳಿಯಿತು. ನಾನು ವ್ಯಾಪಾರಸ್ಥನಂತೆ ಹೇಳಿದೆ: ನೀನು ಬರೆದದ್ದು ‘ಈ ಕಾವಲಿ’ ಯಾರಿಗೂ ಸಿಗುವುದಿಲ್ಲ ಅಂತ. ಗೀರಿರುವ ಆ ಕಾವಲಿ ಯಾರಿಗೂ ಸಿಗುತ್ತಿಲ್ಲವಲ್ಲ, ಮಾತು ಉಳಿಯಿತು, ಸುಮ್ಮನೆ ಮಾಡಿಬಿಡು. ಅವಳು ಒಪ್ಪಲಿಲ್ಲ. ಅವರು ದುಡ್ಡು ಕೊಟ್ಟದ್ದು ಗೀರಿಗಲ್ಲ, ದೋಸೆ ಹರಿಯದೆ ಬರುವುದಕ್ಕೆ, ಅದು ತಮಗೆ ಮಾತ್ರ ಎನ್ನುವುದಕ್ಕೆ. ಬದಲಾವಣೆ ಮಾಡುವ ಮೊದಲು ಅವರೆಲ್ಲರಿಗೂ ಹೇಳುತ್ತೇನೆ ಎಂದಳು.

ಹೇಳಿದಳು. ಬುಕ್ ಮಾಡಿದ ಪ್ರತಿಯೊಬ್ಬರಿಗೂ ಒಂದೇ ಸಂದೇಶ ಹೋಯಿತು. ಗೀರಿರುವ ಕಾವಲಿ ಎಂದಿಗೂ ನಿಮ್ಮದೇ, ಅದನ್ನು ನಿಮ್ಮಿಂದ ತೆಗೆಯುವುದೂ ಇಲ್ಲ, ಅದರ ಶಕ್ತಿ ಇಳಿಸುವುದೂ ಇಲ್ಲ. ಆದರೆ ಬೇರೆಯವರ ದೋಸೆ ಸದಾ ಹರಿಯುತ್ತಿರಲಿ ಎಂದು ನಾನು ನಿಮಗೆ ಮಾತು ಕೊಟ್ಟಂತಾಯಿತು, ಅಂಥ ಮಾತು ನಾನು ಕೊಡಬಾರದಿತ್ತು. ಮುಂದಿನ ತಿಂಗಳಿಂದ ದುಡಿದವರ ಕಾವಲಿಯೂ ಪಳಗುತ್ತದೆ. ನಾನು ಮಾತು ತಪ್ಪಿದೆ ಎಂದು ನಿಮಗೆ ಅನಿಸಿದರೆ ಅದು ಸರಿ. ದುಡ್ಡು ವಾಪಸ್ ಕೊಡುತ್ತೇನೆ, ಕಾವಲಿ ನಿಮ್ಮಲ್ಲೇ ಇರಲಿ.

‘ಅದು ಸರಿ’ ಎನ್ನುವುದನ್ನು ತೆಗೆ, ತಪ್ಪನ್ನು ನೀನಾಗಿ ಕೈಯಲ್ಲಿ ಹಿಡಿದು ಕೊಡಬೇಡ ಎಂದು ನಾನು ಹೇಳಿದೆ. ಅವಳು ತೆಗೆಯಲಿಲ್ಲ.

ಹೆಚ್ಚಿನವರು ಒಂದು ಸಾಲಿನಲ್ಲಿ, ಆಗಲಿ ಎಂದು ಬರೆದರು. ಕೆಲವರು ದುಡ್ಡು ವಾಪಸ್ ತೆಗೆದುಕೊಂಡರು. ಕೆಲವರು ಕೆಟ್ಟದಾಗಿ ಬರೆದರು. ಒಬ್ಬ, ಇನ್ನು ಮೇಲೆ ನಿಮ್ಮ ಯಾವ ಗೇಮನ್ನೂ ಮುಂಚೆ ಬುಕ್ ಮಾಡುವುದಿಲ್ಲ ಎಂದು ಬರೆದಿದ್ದ. ಅದನ್ನು ಓದಿ ಅವಳು, ಅವನು ಹೇಳುವುದರಲ್ಲಿ ತಪ್ಪಿಲ್ಲ ಎಂದಳು.

ಶ್ರೀನಾಥ್ ದುಡ್ಡು ಕೇಳಲಿಲ್ಲ, ಬೈಯಲೂ ಇಲ್ಲ. ಬರುವುದನ್ನು ನಿಲ್ಲಿಸಿದ. ಮೊದಲು ರಜೆಯಿರಬಹುದು ಎಂದುಕೊಂಡೆ. ಆಮೇಲೆ ಉಪೇಂದ್ರ, ಅವನು ನಿಲ್ದಾಣದೊಳಗಿನ ತಳ್ಳುಗಾಡಿಯಲ್ಲಿ ಪೊಂಗಲ್ ತಿನ್ನುವುದನ್ನು ಕಂಡೆ ಎಂದ. ಒಬ್ಬ ಗಿರಾಕಿ ಹೋದರೆ ಹೋಟೆಲು ಮುಳುಗುವುದಿಲ್ಲ. ಆದರೆ ಕಂಪನಿ ಬಸ್ಸಿನ ಹೊತ್ತಿಗೆ ಕಿಟಕಿ ಪಕ್ಕದ ಆ ಮೇಜಿನ ಕಡೆ ನನ್ನ ಕಣ್ಣು ಹೋಗುತ್ತಲೇ ಇತ್ತು.

ಲೀಲಮ್ಮ ಒಬ್ಬರೇ ಶೇರ್ ಆಟೋದಲ್ಲಿ ಒಂದು ಬೆಳಿಗ್ಗೆ ಬಂದರು. ಇಡ್ಲಿ ತರಿಸಿ ಅರ್ಧ ತಿಂದು ಬಿಟ್ಟರು. ಮನೆಯಲ್ಲಿ ಜಗಳವಿಲ್ಲವಂತೆ. ಮಗ ಚೆನ್ನಾಗಿಯೇ ಮಾತಾಡುತ್ತಾನೆ, ತರಕಾರಿ ತರುತ್ತಾನೆ. ಆದರೆ ಸಂಜೆ ಸೋಫಾದಲ್ಲಿ ಕೂತು ಇಬ್ಬರೂ ಆಡುತ್ತಿದ್ದದ್ದು ನಿಂತುಹೋಗಿದೆ. ಅವನು ಆಡುವುದಿಲ್ಲ. ಅವನು ಆಡದ ಮೇಲೆ ಅವರಿಗೂ ಬೇಡವಾಗಿದೆ.

“ನಂಗೂ ಕೊಡಿ ಅಂತ ಕೇಳ್ದೆನೇ ಹೊರ್ತು, ಅವ್ನಿಗೆ ನೋಯ್ಲಿ ಅಂತಲ್ಲ ರಾಯರೇ,” ಎಂದರು. “ಇಲ್ಲಿ ಅವ್ನ ಬಿಟ್ರೆ ಮಾತಾಡಕ್ಕೆ ನಂಗ್ಯಾರವ್ರೆ.”

ನಾನು ವೀಕ್ಷಾಳಿಗೆ ಹೇಳಿದೆ. ಅವಳು ಆ ಸಂಜೆಯೇ ಕಂಪನಿ ಬಸ್ಸು ನಿಲ್ಲುವ ಕಡೆ ಹೋಗಿ ನಿಂತಳು. ಗಲ್ಲಾದಿಂದ ನನಗೆ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಶ್ರೀನಾಥ್ ಇಳಿದವನು ಅವಳನ್ನು ನೋಡಿ ಪಕ್ಕಕ್ಕೆ ಸರಿಯಲು ನೋಡಿದ, ಆಮೇಲೆ ನಿಂತ. ಮೊದಲು ಅವಳೇ ಮಾತಾಡಿದಳು. ಆಮೇಲೆ ಅವನು ಮಾತಾಡಿದ, ಅವನಿಗೆ ಅಷ್ಟು ಮಾತಿದೆ ಎಂದು ನನಗೆ ಗೊತ್ತಿರಲಿಲ್ಲ. ವೀಕ್ಷಾ ತಲೆ ತಗ್ಗಿಸಿ ಕೇಳಿದಳು. ಅವನು ಹೋಟೆಲಿನ ಕಡೆ ನೋಡದೆ ಹೋದ.

ಅವನು ಹೇಳಿದ್ದನ್ನು ಅವಳು ನಮಗೆ ಹೇಳಿದಳು. ಅವನ ಬೇಸರ ದೋಸೆಯದ್ದಲ್ಲ. ಬುಕ್ ಮಾಡಿದಾಗ ಅಲ್ಲಿ ಇದ್ದದ್ದು ಒಂದು ಚಿತ್ರ ಮಾತ್ರ. ಕಾರ್ಖಾನೆಯ ಸ್ನೇಹಿತರು, ಗೇಮ್ ಬರುವುದೇ ಇಲ್ಲ, ದುಡ್ಡು ಹೋಯಿತು ಎಂದು ನಕ್ಕಿದ್ದರಂತೆ. ಅವನು ನಂಬಿದ. ಈ ಊರಿಗೆ ಬಂದ ಮೇಲೆ ತನ್ನದು ಎನ್ನುವಂತೆ ಅವನು ಸೇರಿಕೊಂಡದ್ದು ಅದೊಂದಕ್ಕೇ. ಇನ್ನು ಅಮ್ಮನ ಕಾವಲಿಯೂ ಅಷ್ಟೇ, ಅವನದ್ದೂ ಅಷ್ಟೇ. ಅಮ್ಮನಿಗೆ ಸಿಗುವುದು ಸಂತೋಷವೇ. ಆದರೆ ಅವನು ಮೊದಲು ಬಂದ ಎನ್ನುವುದು ಇನ್ನು ಎಲ್ಲೂ ಕಾಣುವುದಿಲ್ಲ. ಆ ಗೀರು ಅವನೊಬ್ಬನಿಗೇ ಕಾಣುವುದು.

“ಅದನ್ನ ನಾನು ಎಲ್ಲಿ ಕಾಣಿಸ್ಲಿ?” ಎಂದಳು.

ಅವಳು ಕಾಫಿ ಕೌಂಟರಿಗೆ ಒರಗಿ ನಿಂತಿದ್ದಳು. ತಲೆಯ ಮೇಲೆ ಲೋಟಗಳು. ಡೈರಿಯ ಹಳೆಯ ಮೇಸ್ತ್ರಿಯೊಬ್ಬರು ಆಗಷ್ಟೇ ಬಂದು ಕೂತರು. ಕಾಫಿಯವನು ಏನೂ ಕೇಳದೆ ಅವರ ಲೋಟ ಇಳಿಸಿ, ಎಲ್ಲರಿಗೂ ಕೊಡುವ ಅದೇ ಕಾಫಿ ಹಾಕಿ ಕೊಟ್ಟ. ಪಕ್ಕದಲ್ಲಿ ಕೂತ ಹೊಸ ಗಿರಾಕಿಯೊಬ್ಬ ಅದೇನು ಹೆಸರು ಎಂದು ವಿಚಾರಿಸಿದ. ಮೇಸ್ತ್ರಿಗಳು ಖುಷಿಯಿಂದ, ಈ ಹೋಟೆಲು ತೆರೆದ ದಿನ ಎಷ್ಟು ಸೆಖೆಯಿತ್ತು, ಸಾಂಬಾರು ಹೇಗೆ ಮುಗಿದುಹೋಗಿತ್ತು ಎಂದು ಹೇಳತೊಡಗಿದರು. ವೀಕ್ಷಾ ಅಷ್ಟನ್ನೂ ನಿಂತು ಕೇಳಿದಳು. ಆ ಕಥೆ ಅವಳಿಗೆ ಬಾಯಿಪಾಠ.

“ಅಪ್ಪಾ, ಲೋಟ ಇರುವುದು ನಮ್ಮ ಹೋಟೆಲಲ್ಲಿ, ಅವರ ಮನೇಲಿ ಅಲ್ಲ,” ಎಂದಳು.

“ಮನೇಲಿದ್ರೆ ಯಾರು ನೋಡ್ತಾರೆ?” ಎಂದೆ.

ಮುಂದಿನ ಕೆಲವು ದಿನ ಅವಳು ಊಟವನ್ನು ಮೇಲೆಯೇ ತರಿಸಿಕೊಂಡಳು.

ಗೇಮಿನ ಬದಲಾವಣೆ ಬಂದದ್ದು ಒಂದು ಶುಕ್ರವಾರ. ಕಾವಲಿಗಳು ಪಳಗತೊಡಗಿದವು. ಅದರ ಜೊತೆಗೆ ಯಾರೂ ಕೇಳಿರದ ಇನ್ನೊಂದು ಬಂತು. ‘ಬೆಳಗಿನ ಹೋಟೆಲು’ ಆಡುವ ಪ್ರತಿಯೊಬ್ಬರ ಹೋಟೆಲಿನ ಗೋಡೆಯಲ್ಲೂ ಒಂದು ಕೊಕ್ಕೆಯ ಸಾಲು. ಅದರಲ್ಲಿ ತೂಗುವ ಲೋಟಗಳ ಮೇಲೆ ಮೊದಲು ಬುಕ್ ಮಾಡಿದವರ ಹೆಸರು, ದುಡ್ಡು ವಾಪಸ್ ಪಡೆದವರದ್ದೂ ಸೇರಿ, ಬೇಡ ಎಂದವರದ್ದು ಬಿಟ್ಟು. ಅವರಲ್ಲಿ ಯಾರಾದರೊಬ್ಬರು ಆಗಾಗ ಗಿರಾಕಿಯಾಗಿ ಬಂದು ಕೂರುತ್ತಾರೆ. ಅವರಿಗೆ ಅವರ ಲೋಟದಲ್ಲೇ ಕಾಫಿ ಕೊಡಬೇಕು, ಬೇರೆಯವರ ಲೋಟದಲ್ಲಿ ಕೊಟ್ಟರೆ ಎದ್ದು ಹೋಗುತ್ತಾರೆ. ಸರಿಯಾದ ಲೋಟದಲ್ಲಿ ಕೊಟ್ಟರೆ, ಈ ಹೋಟೆಲು ತೆರೆಯುವ ಮೊದಲೇ ನಾನು ಬಂದಿದ್ದೆ ಎಂದು ಒಂದು ಮಾತು ಹೇಳುತ್ತಾರೆ. ಅದರಿಂದ ಹೆಚ್ಚಿನ ಅಂಕವಿಲ್ಲ, ಲಾಭವಿಲ್ಲ.

ಎರಡು ದಿನ ಬಿಟ್ಟು ಭಾನುವಾರ, ತಿಂಡಿಯ ಗದ್ದಲ ಸ್ವಲ್ಪ ಇಳಿದ ಹೊತ್ತಿಗೆ ಲೀಲಮ್ಮ ಟ್ಯಾಬ್ ಹಿಡಿದುಕೊಂಡು ಬಂದರು. ಹಿಂದೆ ಶ್ರೀನಾಥ್ ಇದ್ದ. ಅವನು ನನ್ನ ಕಡೆ ಅರ್ಧ ತಲೆಯಾಡಿಸಿ, ಕಿಟಕಿ ಪಕ್ಕದ ಮೇಜಿಗೆ ಹೋಗಿ ಕೂತ. ಲೀಲಮ್ಮ ಗಲ್ಲಾದ ಮೇಲೆ ಟ್ಯಾಬ್ ಇಟ್ಟರು.

“ನೋಡಿ ರಾಯರೇ, ನಿನ್ನೆ ಇವ್ನು ನನ್ ಹೋಟ್ಲಿಗೇ ಬಂದು ಕೂತವ್ನೆ. ಮನೇಲಿ ಕಾಫಿ ಕೊಡೋದು ಸಾಲ್ದು ಅಂತ ಇಲ್ಲೂ ನಾನೇ ಕೊಡ್ಬೇಕಾ?”

“ಕೊಟ್ಟಿರಾ?” ಎಂದೆ.

“ಎಲ್ಲಾರ್ಗೂ ಕೊಟ್ಟು ಕೊನೇಲಿ ಕೊಟ್ಟೆ. ಇಷ್ಟ್ ದಿನ ಮುಖ ಊದಿಸ್ಕೊಂಡಿದ್ನಲ್ಲ, ಕಾಯ್ಲಿ ಅಂತ. ಸಿಡುಕ್ಕೊಂಡು ಇನ್ನೇನು ಎದ್ದೋಗ್ತಿದ್ದ.”

ಮೇಜಿನಲ್ಲಿ ಕೂತ ಶ್ರೀನಾಥ್ ಕಿಟಕಿಯ ಆಚೆ ನೋಡುತ್ತಿದ್ದ. ಕಿವಿ ಇತ್ತ ಇತ್ತು. ಕಾರ್ಖಾನೆಯ ಗೆಳೆಯನೊಬ್ಬ ಈಗಷ್ಟೇ ಆಡಲು ಶುರು ಮಾಡಿದವನು, ನಿನ್ನ ಹೆಸರು ನನ್ನ ಹೋಟೆಲಿನ ಗೋಡೆ ಮೇಲೆ ಯಾಕಿದೆ ಎಂದು ಫೋನ್ ಮಾಡಿದ್ದನಂತೆ. ಅದನ್ನೂ ಲೀಲಮ್ಮನೇ ಹೇಳಿದರು.

ವೀಕ್ಷಾ ಕೆಳಗೆ ಬಂದು ಅವನ ಎದುರಿನ ಕುರ್ಚಿಯ ಹಿಂದೆ ನಿಂತಳು. ಕೂರಲಿಲ್ಲ. ಅವನು, ನೀವು ಹೇಳಿದ ಮಾತು ಉಳಿಸಿಕೊಳ್ಳಲಿಲ್ಲ ಎಂದ. ಇಲ್ಲ ಎಂದಳು ಅವಳು. ಮುಂದಿನ ಗೇಮಿಗೆ ಮುಂಚೆ ಬುಕಿಂಗ್ ಇದೆಯಾ ಎಂದು ಕೇಳಿದ. ಇದ್ದರೆ ಲೋಟ ಮಾತ್ರ ಎಂದಳು. ಅವನು ಒಂದು ಸೆಟ್ ದೋಸೆ ಹೇಳಿದ.

ನಾನು ಅಡುಗೆಮನೆಯ ಕಿಂಡಿಯಿಂದ ಉಪೇಂದ್ರನಿಗೆ ಕೂಗಿ ಹೇಳಿದೆ. ನಮ್ಮ ಹೊಸ ಕಾವಲಿ ಆ ವಾರವಷ್ಟೇ ಹದಕ್ಕೆ ಬರತೊಡಗಿತ್ತು. ಆದರೂ ಅಂಚಿನಲ್ಲಿ ಒಮ್ಮೊಮ್ಮೆ ಹಿಡಿಯುತ್ತಿತ್ತು. ದೋಸೆ ಬಂತು. ಒಂದರ ಅಂಚು ಸ್ವಲ್ಪ ಹರಿದಿತ್ತು. ಶ್ರೀನಾಥ್ ಅದನ್ನು ಎತ್ತಿ ನೋಡಿ, ಚಟ್ನಿ ಹಾಕಿಸಿಕೊಂಡು ತಿಂದ.

ಮುಂದಿನ ತಿಂಗಳ ಕೊನೆಯ ಶನಿವಾರ ಹಲಗೆಯ ಮೇಲೆ ನಾನು ಬರೆದದ್ದು ಗದಗದ ಯಾರೋ ಒಬ್ಬರ ಹೆಸರು. ಅವರದ್ದು ದುಡಿದು ಪಳಗಿಸಿದ ಕಾವಲಿ. ಲೀಲಮ್ಮ ನಾಲ್ಕನೆಯವರು, ಶ್ರೀನಾಥ್ ಅವರ ಕೆಳಗೆ. ಈಗ ಬಂದ ಹೊಸಬರು ಎರಡು ವಾರಕ್ಕೇ ಬಿಟ್ಟು ಹೋಗುತ್ತಿಲ್ಲ ಎನ್ನುತ್ತಾಳೆ ವೀಕ್ಷಾ. ಯುಗಾದಿಗೆ ಏನಾಗುತ್ತದೋ ನೋಡಬೇಕು. ಬೈದು ಹೋದವರು ಬೈದು ಹೋದದ್ದೇ, ಅವರಲ್ಲಿ ಯಾರೂ ತಿರುಗಿ ಬಂದಿಲ್ಲ.

ಆ ಶನಿವಾರ ಲೀಲಮ್ಮ ಹಲಗೆಯ ಮುಂದೆ ನಿಂತು, ಗದಗದವರ ಹೆಸರನ್ನು ಓದಿ, ಇವರು ಬೆಂಕಿ ಎಷ್ಟಿಟ್ಟುಕೊಳ್ಳುತ್ತಾರೋ ಕೇಳಬೇಕಿತ್ತು ಎಂದರು. ಉಪೇಂದ್ರ ಕಿಂಡಿಯಿಂದ ತಲೆ ಹೊರಗೆ ಹಾಕಿ ನಕ್ಕು, ಮತ್ತೆ ಕಾವಲಿಯ ಕಡೆ ತಿರುಗಿದ.